ಕಕ್ಕಡದ ಮದ್ದು ಸೊಪ್ಪು ಮತ್ತು ಮೂತ್ರದ ಕೆಂಪು

ಆಗಸ್ಟ್ 3ರಂದು, ಅಂದರೆ ಕೊಡವ ಪಂಚಾಂಗದ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಕೊಡಗಿನ ಮನೆಗಳಲ್ಲಿ ಮದ್ದು ಸೊಪ್ಪಿನ ಪಾಯಸವನ್ನೋ ಪುಟ್ಟನ್ನೋ ಮಾಡುತ್ತಾರೆ. ಮರುದಿನ ಬೆಳಿಗ್ಗೆ ಅದನ್ನು ತಿಂದವರ ಮೂತ್ರ ಕೆಂಪಾಗಿರುತ್ತದೆ. ಇಲ್ಲಿಯೇ ಹುಟ್ಟಿ ಬೆಳೆದವರಿಗೆ ಇದು ಹೊಸದಲ್ಲ, ಮದ್ದು ಮೈಗೆ ಹತ್ತಿದ ಗುರುತೆಂದೇ ಅವರು ಎಣಿಸುತ್ತಾರೆ. ಹೊರಜಿಲ್ಲೆಯಿಂದ ಮದುವೆಯಾಗಿ ಬಂದ ಸೊಸೆ, ಹೋಂಸ್ಟೇಯಲ್ಲಿ ತಂಗಿದ ಅತಿಥಿ, ಹೊಸದಾಗಿ ವರ್ಗವಾಗಿ ಬಂದ ಶಿಕ್ಷಕರು ಗಾಬರಿಯಿಂದ ಆಸ್ಪತ್ರೆಗೆ ಬರುವುದುಂಟು. ಅವರನ್ನು ಸಮಾಧಾನಪಡಿಸುವುದು ಕಷ್ಟವಲ್ಲ. ವೈದ್ಯರಿಗೆ ನಿಜವಾದ ಚಿಂತೆ ಹುಟ್ಟಿಸುವವರು ಬೇರೆ ಇದ್ದಾರೆ. ಅವರು ಮೂತ್ರದಲ್ಲಿ ಕೆಂಪು ಕಂಡ ಮೇಲೂ ಅದು ಸೊಪ್ಪಿನದೇ ಇರಬೇಕೆಂದು ವಾರಗಟ್ಟಲೆ ಸುಮ್ಮನಿರುವವರು. ಸೊಪ್ಪಿನ ಕೆಂಪು ಯಾವುದು, ರಕ್ತದ ಕೆಂಪು ಯಾವುದು ಎಂದು ತಿಳಿಯಬೇಕಾದರೆ, ಬಟ್ಟಲಿನಿಂದ ಹೊರಟ ಬಣ್ಣ ಮೈಯೊಳಗೆ ಯಾವ ದಾರಿಯಲ್ಲಿ ಸಾಗಿ ಹೊರಗೆ ಬರುತ್ತದೆ ಎಂಬುದನ್ನು ಮೊದಲು ನೋಡಬೇಕು.

ಸಸ್ಯಶಾಸ್ತ್ರದಲ್ಲಿ ಜಸ್ಟಿಸಿಯಾ ವೈನಾಡೆನ್ಸಿಸ್ ಎಂಬ ಹೆಸರಿರುವ ಈ ಗಿಡದ ಎಲೆಯನ್ನು ಕುದಿಸಿದಾಗ ನೀರಿಗೆ ಗಾಢವಾದ ನೇರಳೆ ಬಣ್ಣ ಬಿಡುತ್ತದೆ. ನೀರಿನಲ್ಲಿ ಕರಗುವ ಆ ವರ್ಣದ್ರವ್ಯವನ್ನು ಕರುಳು ಹೀರಿಕೊಂಡು ರಕ್ತಕ್ಕೆ ಸೇರಿಸುತ್ತದೆ, ಆ ರಕ್ತ ಯಕೃತ್ತನ್ನು ಹಾದು ಹೃದಯಕ್ಕೆ ಬರುತ್ತದೆ, ಹೃದಯ ಅದನ್ನು ಮಹಾಪಧಮನಿಗೆ ನೂಕುತ್ತದೆ. ಹೊಟ್ಟೆಯ ಹಿಂಭಾಗದಲ್ಲಿ ಮಹಾಪಧಮನಿಯಿಂದ ಎಡಕ್ಕೊಂದು, ಬಲಕ್ಕೊಂದು ಕವಲೊಡೆದು ಹೋಗುವ ರಕ್ತನಾಳಗಳೇ ಮೂತ್ರಪಿಂಡಗಳಿಗೆ ರಕ್ತವನ್ನು ಒಯ್ಯುತ್ತವೆ. ‘ಕಿಡ್ನಿ ನೋವು’ ಎಂದು ಬರುವ ಹೆಚ್ಚಿನವರು ಸೊಂಟದ ಕೆಳಭಾಗಕ್ಕೆ ಕೈಯಿಟ್ಟು ತೋರಿಸುತ್ತಾರೆ; ಮೂತ್ರಪಿಂಡಗಳು ಇರುವುದು ಅದಕ್ಕಿಂತ ಸಾಕಷ್ಟು ಮೇಲೆ, ಬೆನ್ನೆಲುಬಿನ ಎರಡೂ ಬದಿಯಲ್ಲಿ, ಕಡೆಯ ಎರಡು ಪಕ್ಕೆಲುಬುಗಳ ಮರೆಯಲ್ಲಿ. ಯಕೃತ್ತು ಮೇಲಿರುವುದರಿಂದ ಬಲಗಡೆಯದು ಎಡಗಡೆಯದಕ್ಕಿಂತ ತುಸು ಕೆಳಗಿರುತ್ತದೆ. ಒಂದೊಂದೂ 10ರಿಂದ 12 ಸೆಂಟಿಮೀಟರ್ ಉದ್ದ, ಎರಡೂ ಸೇರಿ ಸುಮಾರು 300 ಗ್ರಾಂ ತೂಕ. ಇಷ್ಟು ಚಿಕ್ಕ ಅಂಗಗಳಿಗೆ ಹೃದಯ ಹೊರಹಾಕುವ ರಕ್ತದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು, ಅಂದರೆ ನಿಮಿಷಕ್ಕೆ ಒಂದು ಲೀಟರಿಗೂ ಮೀರಿದ ರಕ್ತ ಹರಿದುಬರುತ್ತದೆ. ಅದು ಮೂತ್ರಪಿಂಡಗಳ ಪೋಷಣೆಗೆ ಬೇಕಾದ ಪ್ರಮಾಣವಲ್ಲ. ಸೋಸುವುದಕ್ಕಾಗಿ ಬರುವ ರಕ್ತ.

ಪ್ರತಿ ಮೂತ್ರಪಿಂಡದಲ್ಲಿ ಹತ್ತಿರ ಹತ್ತಿರ ಹತ್ತು ಲಕ್ಷ ಸೋಸುವ ಘಟಕಗಳು, ಅಂದರೆ ನೆಫ್ರಾನ್‌ಗಳಿವೆ. ಒಂದೊಂದು ನೆಫ್ರಾನಿನ ಆರಂಭದಲ್ಲಿ ಗ್ಲೊಮೆರುಲಸ್ ಎಂಬ ಸೂಕ್ಷ್ಮ ರಕ್ತನಾಳಗಳ ಗೊಂಚಲು, ಅದರ ಮುಂದೆ ಉದ್ದನೆಯ ನಳಿಕೆ. ಗೊಂಚಲಿನ ಗೋಡೆ ನೀರು, ಉಪ್ಪು, ಸಕ್ಕರೆ, ಯೂರಿಯಾದಂಥ ಸಣ್ಣ ಅಣುಗಳನ್ನು ಬಿಡುತ್ತದೆ; ಆಲ್ಬುಮಿನ್‌ನಂಥ ದೊಡ್ಡ ಪ್ರೋಟೀನನ್ನು ಬಹುಮಟ್ಟಿಗೆ ತಡೆಯುತ್ತದೆ; ರಕ್ತಕಣಗಳಿಗಂತೂ ಅಲ್ಲಿ ದಾರಿಯೇ ಇಲ್ಲ. ಹೀಗೆ ಸೋಸಿ ಬರುವ ದ್ರವ ನಿಮಿಷಕ್ಕೆ ಸುಮಾರು 125 ಮಿಲಿಲೀಟರ್, ದಿನಕ್ಕೆ 180 ಲೀಟರ್. ಅದೆಲ್ಲ ಹೊರಗೆ ಹೋದರೆ ಒಂದು ಗಂಟೆಯೂ ಬದುಕು ನೆಟ್ಟಗಿರದು, ಆದ್ದರಿಂದ ನಳಿಕೆಯ ಗೋಡೆ ಅದರಲ್ಲಿ ನೂರಕ್ಕೆ 99 ಭಾಗವನ್ನು ರಕ್ತಕ್ಕೆ ಹಿಂತಿರುಗಿಸುತ್ತದೆ; ಆರೋಗ್ಯವಂತರಲ್ಲಿ ಸಕ್ಕರೆ ಪೂರ್ತಿಯಾಗಿ ಹಿಂದಕ್ಕೆ ಹೋಗುತ್ತದೆ, ಸೋಡಿಯಮ್ ಮತ್ತು ನೀರು ದೇಹದ ಅಗತ್ಯಕ್ಕೆ ತಕ್ಕಂತೆ ಹೋಗುತ್ತವೆ. ದೇಹಕ್ಕೆ ಬೇಡದ ಕೆಲವು ವಸ್ತುಗಳನ್ನು, ಅನೇಕ ಔಷಧಗಳನ್ನು ಸಹ, ಅದೇ ಗೋಡೆ ರಕ್ತದಿಂದ ಎಳೆದು ನಳಿಕೆಯೊಳಕ್ಕೆ ಸ್ರವಿಸುತ್ತದೆ. ರಕ್ತದೊತ್ತಡದ ನಿಯಂತ್ರಣ, ಕೆಂಪು ರಕ್ತಕಣಗಳ ಉತ್ಪಾದನೆಗೆ ಬೇಕಾದ ಎರಿತ್ರೊಪೊಯೆಟಿನ್ ಹಾರ್ಮೋನು, ವಿಟಮಿನ್ ಡಿಯ ಸಕ್ರಿಯ ರೂಪ ಇವೂ ಮೂತ್ರಪಿಂಡದ ಕೆಲಸಗಳೇ, ಆದರೆ ಇಂದಿನ ವಿಷಯ ಅದಲ್ಲ.

ಸೊಪ್ಪಿನ ಬಣ್ಣ ಮೂತ್ರದಲ್ಲಿ ಕಾಣುವುದಕ್ಕೆ ಇಷ್ಟೇ ಕಾರಣ: ನಳಿಕೆ ನೀರನ್ನು ಹಿಂದಕ್ಕೆ ಪಡೆಯುತ್ತದೆ, ಬಣ್ಣವನ್ನು ಪಡೆಯುವುದಿಲ್ಲ, ಹಾಗಾಗಿ ಉಳಿದ ಸ್ವಲ್ಪ ನೀರಿನಲ್ಲಿ ಬಣ್ಣ ಗಾಢವಾಗುತ್ತದೆ. ಕಕ್ಕಡದ ಹದಿನೆಂಟರಂದು ಈ ಎಲೆಯಲ್ಲಿ ಹದಿನೆಂಟು ಬಗೆಯ ಮದ್ದು ಕೂಡಿಕೊಳ್ಳುತ್ತದೆ ಎಂಬ ನಂಬಿಕೆಯ ಬಗ್ಗೆ ನನಗೆ ತಕರಾರಿಲ್ಲ, ಪಾಯಸವನ್ನು ನಾನೂ ಬಿಡುವವನಲ್ಲ. ಆದರೆ ಮೂತ್ರ ಕೆಂಪಾದದ್ದು ಮದ್ದು ಕೆಲಸ ಮಾಡಿತೆಂಬುದಕ್ಕೆ ಪುರಾವೆಯಲ್ಲ, ಕರುಳು ಅದನ್ನು ಹೀರಿಕೊಂಡಿತು, ಮೂತ್ರಪಿಂಡ ಅದನ್ನು ಹೊರಗೆ ಹಾಕಿತು ಎಂಬುದಕ್ಕಷ್ಟೇ ಪುರಾವೆ.

ಒಂದೇ ಪಾತ್ರೆಯ ಪಾಯಸ ತಿಂದ ಮನೆಮಂದಿಯಲ್ಲಿ ಒಬ್ಬರಿಗೆ ಕಡುಗೆಂಪು, ಇನ್ನೊಬ್ಬರಿಗೆ ನಸುಗೆಂಪು, ಮತ್ತೊಬ್ಬರಿಗೆ ಏನೂ ಕಾಣಲಿಲ್ಲವೆಂದರೆ ಅದಕ್ಕೂ ಮುಖ್ಯ ಕಾರಣ ನೀರೇ. ಮಿದುಳಿನ ಹೈಪೊಥಲಾಮಸ್‌ನಲ್ಲಿ ತಯಾರಾಗಿ ಪಿಟ್ಯುಟರಿ ಗ್ರಂಥಿಯಿಂದ ಬಿಡುಗಡೆಯಾಗುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ನಳಿಕೆಯ ಕಡೆಯ ಭಾಗದಲ್ಲಿ ಎಷ್ಟು ನೀರು ರಕ್ತಕ್ಕೆ ಮರಳಬೇಕೆಂಬುದನ್ನು ನಿರ್ಧರಿಸುತ್ತದೆ. ನೀರು ಕಡಿಮೆ ಕುಡಿದವರಲ್ಲಿ ಅದು ಹೆಚ್ಚಿ, ಮೂತ್ರ ದಿನಕ್ಕೆ ಅರ್ಧ ಲೀಟರಿನಷ್ಟಕ್ಕೂ ಇಳಿಯಬಹುದು. ಧಾರಾಳವಾಗಿ ಕುಡಿದವರಲ್ಲಿ ಅದು ತಗ್ಗಿ, ಮೂತ್ರ ನೀರಿನಂತೆ ತೆಳುವಾಗುತ್ತದೆ. ರಾತ್ರಿ ಸಾಮಾನ್ಯವಾಗಿ ಅದರ ಪ್ರಮಾಣ ಹೆಚ್ಚಿರುವುದರಿಂದಲೇ ಬೆಳಗಿನ ಮೊದಲ ಮೂತ್ರ ಗಾಢ, ಸೊಪ್ಪಿನ ಬಣ್ಣ ಸ್ಪಷ್ಟವಾಗಿ ಕಾಣುವುದೂ ಆಗಲೇ. ಜೊತೆಗೆ ನಮ್ಮ ಮಳೆಗಾಲದ ಚಳಿಯೂ ಸೇರುತ್ತದೆ: ಚಳಿಗೆ ಚರ್ಮದ ರಕ್ತನಾಳಗಳು ಕುಗ್ಗಿ ರಕ್ತ ಒಳಭಾಗಕ್ಕೆ ಸರಿಯುತ್ತದೆ, ದೇಹ ಅದನ್ನು ರಕ್ತದ ಪ್ರಮಾಣವೇ ಹೆಚ್ಚಾದಂತೆ ಗ್ರಹಿಸಿ ವ್ಯಾಸೊಪ್ರೆಸಿನನ್ನು ತಗ್ಗಿಸುತ್ತದೆ, ಬೆವರಂತೂ ಇಲ್ಲವೇ ಇಲ್ಲ. ಜುಲೈ ಆಗಸ್ಟ್‌ನಲ್ಲಿ ಪದೇ ಪದೇ ಎದ್ದು ಹೋಗಬೇಕಾಗುತ್ತದೆ, ಸಕ್ಕರೆ ಕಾಯಿಲೆಯೇ ಎಂದು ಕೇಳುವವರಿಗೆ ನಾನು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ಎನ್ನುತ್ತೇನೆ, ಆದರೆ ಅನೇಕರಲ್ಲಿ ಅದು ಚಳಿಯ ಕೆಲಸವೇ ಆಗಿರುತ್ತದೆ.

ಮೂತ್ರಪಿಂಡದಿಂದ ಹೊರಟ ಮೂತ್ರ 25ರಿಂದ 30 ಸೆಂಟಿಮೀಟರ್ ಉದ್ದದ ಮೂತ್ರನಾಳದಲ್ಲಿ ತನ್ನ ಭಾರದಿಂದ ಕೆಳಗೆ ಸುರಿಯುವುದಿಲ್ಲ. ನಾಳದ ಸ್ನಾಯುಗಳು ಅಲೆಅಲೆಯಾಗಿ ಸಂಕುಚಿಸಿ ಅದನ್ನು ಕೆಳಕ್ಕೆ ದೂಡುತ್ತವೆ. ಈ ನಾಳ ಮೂತ್ರಪಿಂಡವನ್ನು ಬಿಡುವಲ್ಲಿ, ಕಿಬ್ಬೊಟ್ಟೆಯ ದೊಡ್ಡ ರಕ್ತನಾಳಗಳನ್ನು ದಾಟುವಲ್ಲಿ, ಮೂತ್ರಕೋಶದ ಗೋಡೆಯನ್ನು ಹೊಗುವಲ್ಲಿ ಕಿರಿದಾಗಿರುವುದರಿಂದ ಕಲ್ಲುಗಳು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಆ ಮೂರು ಕಡೆಗಳಲ್ಲಿ. ಕೋಶದ ಗೋಡೆಯನ್ನು ಅದು ಓರೆಯಾಗಿ ಹೊಗುತ್ತದೆ, ಆದ್ದರಿಂದ ಕೋಶ ತುಂಬಿದಾಗ ಬಾಯಿ ತಾನಾಗಿ ಮುಚ್ಚಿಕೊಂಡು ಮೂತ್ರ ಮೇಲಕ್ಕೆ ಹಿಂತಿರುಗುವುದಿಲ್ಲ. ಮೂತ್ರಕೋಶದಲ್ಲಿ 150ರಿಂದ 200 ಮಿಲಿಲೀಟರ್ ಸೇರಿದಾಗ ಮೊದಲ ಸೂಚನೆ ಸಿಗುತ್ತದೆ, 400ರಿಂದ 500ರ ಹೊತ್ತಿಗೆ ತಡೆಯುವುದು ಕಷ್ಟವಾಗುತ್ತದೆ. ಅಲ್ಲಿಂದ ಹೊರದಾರಿ ಹೆಂಗಸರಲ್ಲಿ ಸುಮಾರು 4 ಸೆಂಟಿಮೀಟರ್, ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯ ನಡುವೆ ಹಾದು 18ರಿಂದ 20 ಸೆಂಟಿಮೀಟರ್. ಹೆಂಗಸರಿಗೆ ಮೂತ್ರದ ಸೋಂಕು ಹೆಚ್ಚಾಗಿ ಬರುವುದಕ್ಕೆ ಈ ಗಿಡ್ಡ ದಾರಿಯೇ ದೊಡ್ಡ ಕಾರಣ, ಶೌಚಾಲಯವಿಲ್ಲದ ತೋಟದಲ್ಲಿ ಬೆಳಗಿನಿಂದ ಸಂಜೆಯವರೆಗೆ ತಡೆದುಕೊಂಡು, ಅದಕ್ಕಾಗಿಯೇ ನೀರನ್ನೂ ಕುಡಿಯದೆ ಕಾಫಿ ಕುಯ್ಯುವವರಲ್ಲಿ ಅಪಾಯ ಇನ್ನಷ್ಟು ಹೆಚ್ಚು.

ಮೂತ್ರಪಿಂಡದಿಂದ ಕೆಳಗಿನ ಈ ಇಡೀ ದಾರಿಯ ಒಳಪದರ ಆರೋಗ್ಯದಲ್ಲಿರುವಾಗ ಮೂತ್ರಕ್ಕೆ ಹೆಚ್ಚೇನನ್ನೂ ಸೇರಿಸುವುದಿಲ್ಲ, ಅದರಿಂದ ಹೆಚ್ಚೇನನ್ನೂ ತೆಗೆಯುವುದಿಲ್ಲ. ಮೇಲೆ ಸೋಸುವ ಗೋಡೆ ರಕ್ತಕಣಗಳನ್ನು ಬಿಡುವುದಿಲ್ಲ, ಕೆಳಗಿನ ಗೋಡೆ ಅವನ್ನು ಸೇರಿಸುವುದಿಲ್ಲ. ಹೀಗಿರುವಾಗ ಮೂತ್ರದಲ್ಲಿ ರಕ್ತಕಣಗಳು ಗಣನೀಯವಾಗಿ ಕಂಡರೆ ಎಲ್ಲೋ ಒಂದು ಕಡೆ ಗೋಡೆ ಕೆಟ್ಟಿದೆಯೆಂದೇ ಅರ್ಥ. ಸೊಪ್ಪು ಎಷ್ಟೇ ತಿಂದರೂ ಬಣ್ಣ ಬರುತ್ತದೆ, ಕಣ ಬರುವುದಿಲ್ಲ. ಇಡೀ ಗೊಂದಲವನ್ನು ಬಿಡಿಸುವ ವಿಷಯ ಇದೊಂದೇ.

ಇದನ್ನು ಪತ್ತೆಹಚ್ಚಲು ದೊಡ್ಡ ಯಂತ್ರ ಬೇಡ. ಮೂತ್ರವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದಾಗ ರಕ್ತಕಣಗಳಿದ್ದರೆ ಕೆಂಪು ತಳಕ್ಕೆ ಇಳಿದು ಮೇಲಿನ ದ್ರವ ತಿಳಿಯಾಗುತ್ತದೆ, ಕರಗಿದ ಬಣ್ಣವಾದರೆ ಮೇಲಿನ ದ್ರವವೂ ಕೆಂಪಾಗಿಯೇ ಉಳಿಯುತ್ತದೆ. ತಳದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅನುಮಾನ ತೀರುತ್ತದೆ. ಮೂತ್ರದಲ್ಲಿ ಅದ್ದಿ ನೋಡುವ ಪರೀಕ್ಷಾ ಪಟ್ಟಿ ರಕ್ತವಿದೆಯೆಂದು ತೋರಿಸಿಯೂ ಕಣಗಳು ಕಾಣದಿದ್ದರೆ, ಒಡೆದ ರಕ್ತಕಣಗಳ ಅಥವಾ ಜಖಂಗೊಂಡ ಸ್ನಾಯುಗಳ ವರ್ಣದ್ರವ್ಯ ಮೂತ್ರಕ್ಕೆ ಇಳಿದಿರಬಹುದು, ಅದು ಬೇರೆಯದೇ ತುರ್ತು. ಬೀಟ್‌ರೂಟ್ ಕೆಲವರಲ್ಲಿ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮಾತ್ರೆ ಹೆಚ್ಚುಕಡಿಮೆ ಎಲ್ಲರಲ್ಲೂ ಮೂತ್ರಕ್ಕೆ ಬಣ್ಣ ಕೊಡುತ್ತವೆ.

ಮನೆಯಲ್ಲೇ ಗಮನಿಸಬಹುದಾದದ್ದೂ ಇದೆ. ಸೊಪ್ಪಿನ ಬಣ್ಣ ಮೊದಲಿನಿಂದ ಕೊನೆಯವರೆಗೆ ಒಂದೇ ಸಮ, ಒಂದೆರಡು ದಿನದಲ್ಲಿ ಇಳಿದುಹೋಗುತ್ತದೆ. ರಕ್ತ ಮೊದಲ ಹನಿಗಳಲ್ಲಿ ಮಾತ್ರ ಕಂಡರೆ ಮೂಲ ಹೊರದಾರಿಯಲ್ಲಿ, ಕೊನೆಯಲ್ಲಿ ಮಾತ್ರ ಕಂಡರೆ ಮೂತ್ರಕೋಶದ ಕುತ್ತಿಗೆ ಅಥವಾ ಪ್ರಾಸ್ಟೇಟ್‌ನಲ್ಲಿ, ಉದ್ದಕ್ಕೂ ಇದ್ದರೆ ಕೋಶದಲ್ಲೋ ಅದರ ಮೇಲೆಯೋ ಇರುವ ಸಂಭವ ಹೆಚ್ಚು. ಗಡ್ಡೆಗಡ್ಡೆಯಾಗಿ ಬಂದರೆ ಅದು ರಕ್ತವೇ. ಗಂಟಲು ನೋವಾಗಿ ಒಂದೆರಡು ವಾರದ ಮೇಲೆ, ಇಲ್ಲವೇ ಚರ್ಮದ ಹುಣ್ಣಾಗಿ ಮೂರರಿಂದ ಆರು ವಾರದ ಮೇಲೆ ಮಗುವಿನ ಮುಖ ಊದಿ ಮೂತ್ರ ಬೆಲ್ಲದ ಕಾಫಿಯ ಬಣ್ಣಕ್ಕೆ ತಿರುಗಿದರೆ ಗ್ಲೊಮೆರುಲಸ್‌ನ ಉರಿಯೂತವನ್ನು ಮೊದಲು ಸಂಶಯಿಸಬೇಕು.

ಕಕ್ಕಡದ ತಿಂಗಳೇ ನಾಟಿಯ ತಿಂಗಳೂ ಆಗಿರುವುದು ಇನ್ನೊಂದು ತೊಡಕು. ಇಲಿಯ ಮೂತ್ರ ಬೆರೆತ ಗದ್ದೆಯ ನೀರಿನಿಂದ, ಕಾಲಿನ ಗಾಯದ ಮೂಲಕ ಒಳಹೊಗುವ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ಇಲಿಜ್ವರ ತರುತ್ತದೆ. ಜ್ವರ, ಮೀನಖಂಡದ ವಿಪರೀತ ನೋವು, ಕೆಂಪೇರಿದ ಕಣ್ಣು, ಗಾಢವಾದ ಅಥವಾ ಕಡಿಮೆಯಾದ ಮೂತ್ರ ಅದರ ಲಕ್ಷಣಗಳು. ಇಂಥವರು ಮೈನೋವಿಗೆಂದು ಮೆಡಿಕಲ್ ಶಾಪಿನ ನೋವಿನ ಮಾತ್ರೆ ನುಂಗಿದರೆ ಹಾನಿ ಇಮ್ಮಡಿಯಾಗಬಹುದು, ಏಕೆಂದರೆ ಗ್ಲೊಮೆರುಲಸ್‌ಗೆ ರಕ್ತ ತರುವ ನಾಳವನ್ನು ಸಂಕಷ್ಟದ ಹೊತ್ತಿನಲ್ಲಿ ತೆರೆದಿಡುವ ಪ್ರೊಸ್ಟಾಗ್ಲಾಂಡಿನನ್ನೇ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದವು ತಡೆಯುತ್ತವೆ.

ನೋವಿಲ್ಲದ ಕೆಂಪನ್ನೇ ನಾನು ಎಲ್ಲಕ್ಕಿಂತ ಹೆಚ್ಚು ಅಂಜುತ್ತೇನೆ. ಕಲ್ಲು ನೋವು ಕೊಡುತ್ತದೆ, ಸೋಂಕು ಉರಿ ಕೊಡುತ್ತದೆ, ರೋಗಿ ತಾನಾಗಿಯೇ ಬರುತ್ತಾರೆ. ಮೂತ್ರಕೋಶದ ಕ್ಯಾನ್ಸರ್ ಬಹಳ ಸಲ ನೋವಿಲ್ಲದೆ ಒಮ್ಮೆ ರಕ್ತ ತೋರಿಸಿ, ತಾನಾಗಿ ನಿಂತು, ತಿಂಗಳುಗಳ ಮೇಲೆ ಮತ್ತೆ ತೋರಿಸುತ್ತದೆ. ನಿಂತದ್ದನ್ನು ಗುಣವೆಂದು ಭಾವಿಸುವುದು ಸಹಜ, ಅದು ಆಗಸ್ಟ್ ತಿಂಗಳಲ್ಲಾದರೆ ಸೊಪ್ಪಿನ ಮೇಲೆ ಹಾಕುವುದು ಇನ್ನೂ ಸಹಜ. ಬೀಡಿ, ಸಿಗರೇಟಿನ ವಿಷವಸ್ತುಗಳೂ ಸೊಪ್ಪಿನ ಬಣ್ಣದಂತೆಯೇ ರಕ್ತದಿಂದ ಮೂತ್ರಕ್ಕೆ ಇಳಿದು ಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುತ್ತವೆ, ಸೇದುವವರಿಗೆ ಈ ಕ್ಯಾನ್ಸರಿನ ಅಪಾಯ ಹೆಚ್ಚಿರುವುದು ಅದರಿಂದ. ಆದ್ದರಿಂದ 40 ದಾಟಿದವರು, ಸೇದುವವರಂತೂ ಖಂಡಿತವಾಗಿ, ಒಂದೇ ಸಲ ಕಂಡು ಮಾಯವಾದ ಕೆಂಪಿಗೂ ಮೂತ್ರ ಪರೀಕ್ಷೆ ಮಾಡಿಸಬೇಕು. ಕಣಗಳಿದ್ದರೆ ಸ್ಕ್ಯಾನಿಂಗ್, ಅಗತ್ಯವಿದ್ದರೆ ಮೂತ್ರಕೋಶದ ಒಳಗೆ ದೂರದರ್ಶಕ ನಳಿಕೆ ಹಾಕಿ ನೋಡುವ ಸಿಸ್ಟೋಸ್ಕೋಪಿ.

ಪರೀಕ್ಷೆಗೆ ಬರುವವರು ಅಗಲ ಬಾಯಿಯ ಶುದ್ಧ ಬಾಟಲಿಯಲ್ಲಿ, ಮೊದಲ ಕೆಲವು ಹನಿಗಳನ್ನು ಬಿಟ್ಟು ನಡುವಿನ ಮೂತ್ರವನ್ನು ಹಿಡಿದು, ಒಂದೆರಡು ಗಂಟೆಯೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ತಡವಾದರೆ ಕಣಗಳು ಒಡೆದು ವರದಿ ದಾರಿ ತಪ್ಪಿಸುತ್ತದೆ. ಹೆಂಗಸರು ಮುಟ್ಟಿನ ದಿನವನ್ನು, ಎಲ್ಲರೂ ತಾವು ನುಂಗುತ್ತಿರುವ ಮಾತ್ರೆಗಳ ಹೆಸರನ್ನು, ಪಾಯಸ ತಿಂದದ್ದು ಯಾವಾಗ ಎಂಬುದನ್ನು ಸಂಕೋಚವಿಲ್ಲದೆ ಹೇಳಬೇಕು.