ನೂರಾರು ಕಡತಗಳಲ್ಲಿ ಊರ ಹೆಸರು ಬದಲಾಯಿಸುವಾಗ ವಿಭಕ್ತಿಯನ್ನು ಮರೆಯಬೇಡಿ

ಪ್ರಶ್ನೆ: ನಮ್ಮ ಜಾಲತಾಣದ ಹಳೆಯ ಪುಟಗಳು ನಾಲ್ಕುನೂರಕ್ಕೂ ಹೆಚ್ಚಿವೆ. ಎಲ್ಲದರಲ್ಲೂ ‘ಗುಲ್ಬರ್ಗಾ’ ತೆಗೆದು ‘ಕಲಬುರಗಿ’ ಎಂದು ಹಾಕಬೇಕು. ಲಿನಕ್ಸ್‌ನಲ್ಲಿ ಒಂದೇ ಆಜ್ಞೆಯಿಂದ ಇದು ಸಾಧ್ಯವೇ?

ಸಾಧ್ಯ. ಆದರೆ ಒಂದೇ ಆಜ್ಞೆ ಕೊಟ್ಟು ಎದ್ದು ಹೋದರೆ ‘ಕಲಬುರಗಿದಲ್ಲಿ ಮಳೆ’, ‘ಕಲಬುರಗಿಕ್ಕೆ ಸಚಿವರ ಭೇಟಿ’ ಎಂಬ ಸಾಲುಗಳು ನಿಮ್ಮ ಪುಟಗಳ ತುಂಬ ಹರಡಿರುತ್ತವೆ. ಇಂಗ್ಲಿಷಿನಲ್ಲಿ ಊರಿನ ಹೆಸರು ಒಂಟಿಯಾಗಿ ನಿಲ್ಲುತ್ತದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಹೆಸರಿಗೆ ಅಂಟಿಕೊಂಡೇ ಬರುತ್ತದೆ, ಹೆಸರಿನ ಕೊನೆಯ ಸ್ವರ ಬದಲಾದರೆ ಪ್ರತ್ಯಯವೂ ಬದಲಾಗಬೇಕು. 2014ರ ನವೆಂಬರ್ 1ರಂದು ಹೆಸರು ಬದಲಾದ ಊರುಗಳಲ್ಲಿ ಬಿಜಾಪುರವೂ ಇತ್ತು. ಅಲ್ಲಿ ಈ ತೊಡಕಿಲ್ಲ, ‘ಬಿಜಾಪುರದಲ್ಲಿ’ ಎಂಬುದು ಸಲೀಸಾಗಿ ‘ವಿಜಯಪುರದಲ್ಲಿ’ ಆಗುತ್ತದೆ. (ಅಲ್ಲಿನ ಅಪಾಯ ಬೇರೆ. ಛತ್ತೀಸಗಢದಲ್ಲೂ ಒಂದು ಬಿಜಾಪುರ ಜಿಲ್ಲೆಯಿದೆ, ಅದರ ಸುದ್ದಿಯೂ ವಿಜಯಪುರದ ಪಾಲಾದೀತು.)

ಆದ್ದರಿಂದ ಮೊದಲು ಏನನ್ನೂ ಬದಲಾಯಿಸದೆ ಹುಡುಕಿ. ಕಡತಗಳೊಳಗೆ ಪದ ಹುಡುಕುವ ಗ್ರೆಪ್ ಆಜ್ಞೆಗೆ ‘ಗುಲ್ಬರ್ಗಾ’ದಿಂದ ಶುರುವಾಗುವ ಪದಗಳನ್ನಷ್ಟೇ ಹೊರತೆಗೆಯಲು ಹೇಳಿ, ಬಂದ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವ ಸಾರ್ಟ್ ಮತ್ತು ಮರುಕಳಿಸಿದ ಸಾಲುಗಳನ್ನು ತೆಗೆಯುವ ಯೂನಿಕ್ ಆಜ್ಞೆಗಳಿಗೆ ಹಾಯಿಸಿ. ನಾಲ್ಕುನೂರು ಪುಟಗಳಿದ್ದರೂ ರೂಪಗಳು ಕೆಲವೇ ಇರುತ್ತವೆ: ಗುಲ್ಬರ್ಗಾದ, ಗುಲ್ಬರ್ಗಾದಲ್ಲಿ, ಗುಲ್ಬರ್ಗಾದಿಂದ, ಗುಲ್ಬರ್ಗಾಕ್ಕೆ, ಗುಲ್ಬರ್ಗಾವನ್ನು. ಈ ಪಟ್ಟಿಯನ್ನು ಕಣ್ಣಾರೆ ಓದುವುದಕ್ಕೆ ಹಿಡಿಯುವ ಹತ್ತು ನಿಮಿಷವನ್ನು ದಯವಿಟ್ಟು ಉಳಿಸಲು ಹೋಗಬೇಡಿ.

ಈಗ ಪದಗಳನ್ನು ಬದಲಾಯಿಸುವ ಆಜ್ಞೆ, ಸೆಡ್. ಇದರ ಬದಲಾವಣೆಯ ನಿಯಮದಲ್ಲಿ ಎಸ್ ಅಕ್ಷರ, ಓರೆಗೆರೆ, ಹಳೆಯ ಪದ, ಓರೆಗೆರೆ, ಹೊಸ ಪದ, ಓರೆಗೆರೆ, ಕೊನೆಗೆ ಜಿ ಅಕ್ಷರ ಇರುತ್ತವೆ. ಜಿ ಬಿಟ್ಟರೆ ಪ್ರತಿ ಸಾಲಿನಲ್ಲಿ ಮೊದಲ ಪದ ಮಾತ್ರ ಬದಲಾಗುತ್ತದೆ. ನಿಯಮಗಳನ್ನು ಒಂದು ಕಡತದಲ್ಲಿ ಸಾಲಿಗೊಂದರಂತೆ ಬರೆದಿಟ್ಟುಕೊಳ್ಳಿ, ಪ್ರತ್ಯಯವಿರುವ ರೂಪಗಳು ಮೇಲಿರಲಿ, ಬರಿಯ ಹೆಸರು ಅವುಗಳ ಕೆಳಗಿರಲಿ. ‘ಗುಲ್ಬರ್ಗಾಕ್ಕೆ’ ಹೋಗಿ ‘ಕಲಬುರಗಿಗೆ’, ‘ಗುಲ್ಬರ್ಗಾವನ್ನು’ ಹೋಗಿ ‘ಕಲಬುರಗಿಯನ್ನು’, ‘ಗುಲ್ಬರ್ಗಾದ’ ಹೋಗಿ ‘ಕಲಬುರಗಿಯ’. ಈ ಕೊನೆಯ ನಿಯಮ ನನಗೆ ಬಹಳ ಇಷ್ಟ. ಯೂನಿಕೋಡ್‌ನಲ್ಲಿ ‘ದಿ’ ಎಂದರೆ ‘ದ’ ಮತ್ತು ಅದರ ನಂತರ ಗುಡಿಸು. ಹಾಗಾಗಿ ‘ಗುಲ್ಬರ್ಗಾದಿಂದ’ ಪದದಲ್ಲಿ ಸೆಡ್ ‘ಗುಲ್ಬರ್ಗಾದ’ವರೆಗೆ ಕಿತ್ತು ‘ಕಲಬುರಗಿಯ’ ಹಾಕುತ್ತದೆ, ಉಳಿದ ಗುಡಿಸು ‘ಯ’ಕಾರಕ್ಕೆ ಕೂತು ‘ಕಲಬುರಗಿಯಿಂದ’ ತಾನಾಗಿ ಸಿದ್ಧವಾಗುತ್ತದೆ. ‘ದಲ್ಲಿ’ಗೂ ಬೇರೆ ನಿಯಮ ಬೇಕಿಲ್ಲ.

ಮುಟ್ಟಬಾರದ ಹೆಸರುಗಳೂ ಇವೆ. ಗುಲ್ಬರ್ಗಾ ವಿಶ್ವವಿದ್ಯಾಲಯ ಹಳೆಯ ಹೆಸರನ್ನೇ ಉಳಿಸಿಕೊಂಡಿದೆ. ಅದನ್ನು ಎಲ್ಲಕ್ಕಿಂತ ಮೊದಲ ನಿಯಮದಲ್ಲಿ ‘@@1@@’ ಎಂಬಂಥ, ಬೇರೆಲ್ಲೂ ಬಾರದ ಗುರುತಾಗಿ ಮಾಡಿ, ಎಲ್ಲಕ್ಕಿಂತ ಕೊನೆಯ ನಿಯಮದಲ್ಲಿ ಮತ್ತೆ ಹೆಸರಾಗಿಸಿ.

ಆಜ್ಞೆ ಓಡಿಸುವಾಗ ಎಲ್ಲ ಕಡತಗಳನ್ನೂ ಸೆಡ್‌ಗೆ ಒಪ್ಪಿಸಬೇಡಿ. ಅದು ಏನೂ ಬದಲಾಗದ ಕಡತವನ್ನೂ ಹೊಸದಾಗಿ ಬರೆದು ದಿನಾಂಕ ಕೆಡಿಸುತ್ತದೆ. ಪದ ಇರುವ ಕಡತಗಳ ಹೆಸರನ್ನಷ್ಟೇ ಗ್ರೆಪ್‌ನಿಂದ ಪಡೆದು, ಬಂದ ಹೆಸರುಗಳನ್ನು ಇನ್ನೊಂದು ಆಜ್ಞೆಗೆ ಒಪ್ಪಿಸುವ ಎಕ್ಸ್‌ಆರ್ಗ್ಸ್ ಮೂಲಕ ಸೆಡ್‌ಗೆ ಕೊಡಿ. ಕಡತದ ಹೆಸರಿನಲ್ಲಿ ಖಾಲಿ ಜಾಗವಿದ್ದರೆ ಹೆಸರು ಎರಡಾಗಿ ಒಡೆಯುತ್ತದೆ, ಅದಕ್ಕಾಗಿ ಎರಡೂ ಆಜ್ಞೆಗಳಲ್ಲಿ ಹೆಸರುಗಳನ್ನು ಶೂನ್ಯ ಬೈಟ್‌ನಿಂದ ಬೇರ್ಪಡಿಸುವ ಆಯ್ಕೆ ಬಳಸಿ. ಕಡತವನ್ನು ಇದ್ದಲ್ಲೇ ತಿದ್ದುವ ‘ಐ’ ಆಯ್ಕೆಗೆ ‘.ಹಳೆಯದು’ ಎಂಬ ಬಾಲವನ್ನು ಜಾಗ ಬಿಡದೆ ಅಂಟಿಸಿದರೆ ಪ್ರತಿ ಕಡತದ ಮೂಲ ಪ್ರತಿಯೂ ಪಕ್ಕದಲ್ಲೇ ಉಳಿಯುತ್ತದೆ. ಹೀಗೆ ಬರೆದದ್ದು ಮ್ಯಾಕ್‌ನಲ್ಲೂ ನಡೆಯುತ್ತದೆ. ಬಾಲವಿಲ್ಲದ ‘ಐ’ ಎರಡು ಕಡೆಯೂ ಒಂದೇ ರೀತಿ ವರ್ತಿಸುವುದಿಲ್ಲ.

ಇಷ್ಟಾದರೂ ಒಂದೆರಡು ‘ಗುಲ್ಬರ್ಗಾ’ ಉಳಿದರೆ ಗಾಬರಿ ಬೇಡ. ಅರ್ಕಾವೊತ್ತು ಬಳಸದೆ ‘ರ’ಕಾರಕ್ಕೆ ‘ಗ’ ಒತ್ತು ಕೊಟ್ಟು ಬರೆದಿದ್ದರೆ ನಡುವೆ ಕಣ್ಣಿಗೆ ಕಾಣದ ಜೋಡಣೆಯ ಸಂಕೇತವೊಂದು ಕೂತಿರುತ್ತದೆ, ಸೆಡ್‌ಗೆ ಅದು ಬೇರೆಯೇ ಪದ. ‘ಗುಲಬರ್ಗಾ’ ಎಂದು ಬರೆಯುವವರೂ ಇದ್ದಾರೆ. ಇನ್ನು ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕಡತವಾದರೆ ಗ್ರೆಪ್‌ಗೆ ಏನೂ ಸಿಗುವುದೇ ಇಲ್ಲ. ಅಲ್ಲಿ ಒಳಗಿರುವುದು ರೋಮನ್ ಅಕ್ಷರಗಳು, ಕನ್ನಡ ಕಾಣುವುದು ಫಾಂಟಿನ ದೆಸೆಯಿಂದ. ಅವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ.

ಕೊನೆಯಲ್ಲಿ ‘ಕಲಬುರಗಿದ’, ‘ಕಲಬುರಗಿಕ್ಕೆ’, ‘ಕಲಬುರಗಿವ’ ಎಂದು ಮೂರು ಬಾರಿ ಹುಡುಕಿ. ‘ಕಲಬುರಗಿವರೆಗೆ’ ಎಂಬಂಥದ್ದು ಸಿಕ್ಕರೆ ಕೈಯಿಂದಲೇ ತಿದ್ದಿ. ಮೂರರಲ್ಲೂ ಏನೂ ಸಿಗದ ಮೇಲೆ ‘.ಹಳೆಯದು’ ಕಡತಗಳನ್ನು ಅಳಿಸಬಹುದು.