ಎಳೆ ಕಡಿದರೆ ಮಗ್ಗ ನಿಲ್ಲಬೇಕು

ಜಪಾನಿನ ಕಾರುಗಳ ಕಥೆಯನ್ನು ಮಗ್ಗದಿಂದ ಶುರು ಮಾಡಬೇಕು. ಕಾರಿಗೂ ಮಗ್ಗಕ್ಕೂ ಎಲ್ಲಿಯ ಸಂಬಂಧ ಅನ್ನಬೇಡಿ, ಇದೆ. ಟೊಯೋಟಾದವರು ಮೂಲತಃ ಮಗ್ಗ ಮಾಡುತ್ತಿದ್ದ ಮನೆತನ. ಸುಜುಕಿಯದೂ ಅದೇ ಕಥೆ. 1909ರಲ್ಲಿ ಹಮಾಮತ್ಸು ಊರಿನಲ್ಲಿ ಮಿಚಿಯೋ ಸುಜುಕಿ ತೆರೆದದ್ದು ಮಗ್ಗದ ಕಾರ್ಖಾನೆ.

ದೊಡ್ಡಬಳ್ಳಾಪುರದ ಕಡೆ ಓಡಾಡಿದವರಿಗೆ ಪವರ್‌ಲೂಮಿನ ಸದ್ದು ಗೊತ್ತಿರುತ್ತದೆ. ಉದ್ದಕ್ಕೆ ಸಾವಿರಾರು ಹಾಸಿನ ಎಳೆ, ಅವುಗಳ ನಡುವೆ ಅತ್ತಿಂದಿತ್ತ ಓಡುವ ಲಾಳಿ, ಲಾಳಿ ಬಿಡುತ್ತಾ ಹೋಗುವ ಹೊಕ್ಕಿನ ಎಳೆ. ಈಗ ಹಾಸಿನ ಒಂದು ಎಳೆ ಕಡಿಯಿತು ಅಂದುಕೊಳ್ಳಿ. ಹಳೇ ಮಗ್ಗಕ್ಕೆ ಅದು ತಿಳಿಯುವುದೇ ಇಲ್ಲ. ತನ್ನ ಪಾಡಿಗೆ ನೇಯುತ್ತಲೇ ಇರುತ್ತದೆ, ಬಟ್ಟೆ ಕೆಡುತ್ತಲೇ ಹೋಗುತ್ತದೆ. ಹಾಗಾಗಿ ಮಗ್ಗದ ಪಕ್ಕ ಯಾರಾದರೂ ಕಣ್ಣಿಟ್ಟು ನಿಂತಿರಲೇಬೇಕು. ಟೊಯೋಟಾ ಮನೆತನದ ಸಕಿಚಿ ಟೊಯೊಡಾ 1924ರಲ್ಲಿ ಮಾಡಿ ಮುಗಿಸಿದ ಮಗ್ಗದಲ್ಲಿ ಇದಕ್ಕೆ ಒಂದು ಉಪಾಯ ಇತ್ತು. ಹಾಸಿನ ಎಳೆಗಳ ಮೇಲೆ ತೆಳ್ಳಗಿನ ಲೋಹದ ಪಟ್ಟಿಗಳು ಕೂತಿರುತ್ತವೆ. ಎಳೆ ಬಿಗಿಯಾಗಿ ಇರುವ ತನಕ ಪಟ್ಟಿಯೂ ಮೇಲೇ ಇರುತ್ತದೆ. ಎಳೆ ಕಡಿದರೆ ಪಟ್ಟಿ ಜಾರಿ ಕೆಳಗೆ ಬೀಳುತ್ತದೆ, ಮಗ್ಗ ನಿಲ್ಲುತ್ತದೆ. ಅಷ್ಟೇ. ವಿದ್ಯುತ್ತಿನ ಸೆನ್ಸರ್ ಇಲ್ಲ, ಏನಿಲ್ಲ. ಒಬ್ಬರೇ ಹತ್ತಾರು ಮಗ್ಗ ನೋಡಿಕೊಳ್ಳಬಹುದಾಯಿತು.

1929ರಲ್ಲಿ ಈ ಮಗ್ಗದ ಪೇಟೆಂಟ್ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕೊಂಡಿತು. ಸಕಿಚಿಯ ಮಗ ಕಿಇಚಿರೋ ಕಾರಿನ ಹುಚ್ಚಿಗೆ ಬಿದ್ದಿದ್ದರು, 1937ರಲ್ಲಿ ಟೊಯೋಟಾ ಮೋಟರ್ ಬೇರೆ ಕಂಪನಿಯಾಯಿತು. ನಮ್ಮ ಕಡೆಗೂ ಇವರು ಬಂದದ್ದು ಹೆಚ್ಚುಕಮ್ಮಿ ಇದೇ ಕ್ರಮದಲ್ಲಿ. ಬಿಡದಿಯಲ್ಲಿ ಕ್ವಾಲಿಸ್ ತಯಾರಾಗಲು ಶುರುವಾಗಿದ್ದು 1999ರ ಕೊನೆಗೆ. ಅದಕ್ಕೂ ಮೊದಲೇ, 1995ರಲ್ಲಿ, ಕಿರ್ಲೋಸ್ಕರ್ ಜೊತೆ ಸೇರಿ ಜವಳಿ ಯಂತ್ರದ ಕಂಪನಿ ಕಟ್ಟಿದ್ದರು. ಜಿಗಣಿಯಲ್ಲಿ.

ಆ ಪಟ್ಟಿಯ ಬುದ್ಧಿಯೇ ಮುಂದೆ ಕಾರಿನ ಕಾರ್ಖಾನೆಗೂ ಹೋಯಿತು. ಜೋಡಣೆ ಸಾಲಿನ ಮೇಲೆ ಒಂದು ಹಗ್ಗ. ಏನೋ ಸರಿ ಇಲ್ಲ ಅನ್ನಿಸಿದರೆ ಯಾವ ಕೆಲಸಗಾರ ಬೇಕಾದರೂ ಎಳೆಯಬಹುದು. ಎಳೆದ ತಕ್ಷಣ ದೀಪ ಹತ್ತುತ್ತದೆ, ಮೇಲಿನವರು ಓಡಿ ಬರುತ್ತಾರೆ, ಅಷ್ಟರಲ್ಲಿ ಸರಿಯಾಗದಿದ್ದರೆ ಸಾಲೇ ನಿಲ್ಲುತ್ತದೆ. ಎಳೆದವನನ್ನು ಯಾರೂ ಬೈಯುವಂತಿಲ್ಲ. ಇದು ಹೇಳಲು ಸುಲಭ, ಮಾಡಲು ತುಂಬಾ ಕಷ್ಟ. ಮೇಲಿನವರ ಮುಂದೆ ‘ಸಾರ್, ಇಲ್ಲಿ ತಪ್ಪಾಗಿದೆ’ ಅನ್ನಲು ನಾವು ಎಷ್ಟು ಸಲ ಬಾಯಿ ತೆರೆದು ಮತ್ತೆ ಮುಚ್ಚಿಕೊಂಡಿಲ್ಲ? ಅದನ್ನೇ ದಿನದ ಕೆಲಸ ಮಾಡಿದ್ದು ಟೊಯೋಟಾದ ತೈಇಚಿ ಓನೋ ಮತ್ತು ಅವರ ಜೊತೆಗಿದ್ದ ಎಂಜಿನಿಯರುಗಳು. ಯುದ್ಧದಲ್ಲಿ ಸೋತ ದೇಶ, ಕೈಯಲ್ಲಿ ಕಾಸಿಲ್ಲ, 1950ರಲ್ಲಿ ಕಂಪನಿಯೇ ಮುಳುಗುವ ಸ್ಥಿತಿ. ಗೋದಾಮಿನ ತುಂಬ ಬಿಡಿಭಾಗ ಪೇರಿಸಿಡಲು ಹಣವೇ ಇರಲಿಲ್ಲ. ಹಾಗಾಗಿ ಬೇಕಾದಾಗ, ಬೇಕಾದಷ್ಟೇ ತರಿಸಿಕೊಳ್ಳುವ ಕ್ರಮ ಹುಟ್ಟಿತು. ಕಾನ್‌ಬಾನ್ ಅಂತ ಈಗ ಸಾಫ್ಟ್‌ವೇರ್ ಕಂಪನಿಗಳಲ್ಲೂ ಬೋರ್ಡಿಗೆ ಚೀಟಿ ಅಂಟಿಸುತ್ತಾರಲ್ಲ, ಅದರ ಮೂಲ ಇದು. ಬಡತನದ ಲೆಕ್ಕಾಚಾರ.

ಆದರೆ ಗೋದಾಮಿಲ್ಲದ ಸಂಸಾರದಲ್ಲಿ ಒಂದು ದಿನ ಸಾಮಾನು ಬರದಿದ್ದರೆ ಒಲೆ ಹತ್ತುವುದಿಲ್ಲ. 1997ರ ಫೆಬ್ರವರಿ 1ರ ನಸುಕಿನಲ್ಲಿ ಕರಿಯಾ ಊರಿನ ಐಸಿನ್ ಕಾರ್ಖಾನೆಗೆ ಬೆಂಕಿ ಬಿತ್ತು. ಅಲ್ಲಿ ತಯಾರಾಗುತ್ತಿದ್ದದ್ದು ಮುಷ್ಟಿಯೊಳಗೆ ಹಿಡಿಯುವಷ್ಟು ದೊಡ್ಡ ಒಂದು ಕವಾಟ. ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಜಾರದ ಹಾಗೆ ಒತ್ತಡವನ್ನು ಹದವಾಗಿ ಇಡುವುದು ಅದರ ಕೆಲಸ. ಬೆಲೆ ಏನೂ ಇಲ್ಲ, ಆದರೆ ಟೊಯೋಟಾಕ್ಕೆ ಬೇಕಾದ ಹೆಚ್ಚುಕಮ್ಮಿ ಎಲ್ಲಾ ಕವಾಟವೂ ಆ ಒಂದೇ ಕಡೆಯಿಂದ ಬರುತ್ತಿತ್ತು. ಜಪಾನಿನ ಟೊಯೋಟಾ ಕಾರ್ಖಾನೆಗಳು ನಿಂತುಬಿಟ್ಟವು. ನನಗೆ ಇಷ್ಟವಾಗುವುದು ಮುಂದಿನ ಭಾಗ. ಐಸಿನ್‌ನವರು ನಕ್ಷೆಗಳನ್ನು ಯಾರು ಕೇಳಿದರೂ ಕೊಟ್ಟರು. ಹೊಲಿಗೆ ಯಂತ್ರ ಮಾಡುವ ಕಂಪನಿಯೂ ಸೇರಿದಂತೆ ಹತ್ತಾರು ಕಂಪನಿಗಳು, ಕೆಲವಂತೂ ಕಾರಿನ ಭಾಗವನ್ನೇ ಮುಟ್ಟಿರದಂಥವು, ತಮ್ಮ ಯಂತ್ರಗಳನ್ನು ಮಾರ್ಪಡಿಸಿ ಕವಾಟ ಕೊರೆಯಲು ಕೂತವು. ಒಂದು ವಾರದೊಳಗೆ ಸಾಲುಗಳು ಮತ್ತೆ ಓಡಿದವು. ಒಬ್ಬರಿಗೊಬ್ಬರು ಹಾಸುಹೊಕ್ಕಾಗಿ ಬದುಕುವ ಈ ಬಿಡಿಭಾಗದ ಕಂಪನಿಗಳೇ ಜಪಾನಿನ ನಿಜವಾದ ಆಸ್ತಿ ಅಂತ ಆಗ ಎಲ್ಲರೂ ಹೊಗಳಿದರು. ಅದು ಸುಳ್ಳೂ ಅಲ್ಲ.

ಅದೇ 1997ರ ಡಿಸೆಂಬರಿನಲ್ಲಿ ಟೊಯೋಟಾದ ಪ್ರಿಯಸ್ ಮಾರುಕಟ್ಟೆಗೆ ಬಂತು. ಪೆಟ್ರೋಲ್ ಎಂಜಿನ್ನೂ ವಿದ್ಯುತ್ ಮೋಟರೂ ಎರಡೂ ಇರುವ ಹೈಬ್ರಿಡ್ ಕಾರು ಅದು. ಅದರ ಮೊದಲ ಪ್ರಯೋಗದ ಕಾರು 49 ದಿನ ಇದ್ದಲ್ಲಿಂದ ಅಲ್ಲಾಡಲೇ ಇಲ್ಲವಂತೆ! ಅಲ್ಲಾಡಿದ ಮೇಲೆ ಆದದ್ದು ಮಾತ್ರ ಅದ್ಭುತ. ಪೆಟ್ರೋಲ್ ಎಂಜಿನ್ನಿಗೆ ಒಂದು ದೌರ್ಬಲ್ಯ ಇದೆ. ಹದವಾದ ವೇಗ, ಹದವಾದ ಭಾರ ಇದ್ದಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಂಥ ಕಡೆ ತೆವಳುವಾಗ ಸುಮ್ನೆ ಪೆಟ್ರೋಲ್ ಸುಡುತ್ತದೆ. ಹಾಗಾದರೆ ಹದ ಸಿಕ್ಕಾಗ ಮಾತ್ರ ಅದನ್ನು ಓಡಿಸಿ, ಉಳಿದ ಹೊತ್ತು ಮೋಟರಿನಿಂದ ಕಾರು ನಡೆಸಬಹುದಲ್ವಾ? ಯೋಚನೆ ಸುಲಭ. ಎಂಜಿನ್, ಮೋಟರ್, ಜನರೇಟರ್ ಮೂರನ್ನೂ ಒಂದೇ ಚಕ್ರಕ್ಕೆ ಜಗಳವಿಲ್ಲದೆ ಕಟ್ಟುವುದು ಹೇಗೆ ಅನ್ನುವುದೇ ಪ್ರಶ್ನೆ.

ಉತ್ತರ ಅಂಗೈ ಅಗಲದ ಒಂದು ಗೇರುಗಳ ಗುಂಪು. ನಡುವೆ ಒಂದು ಚಿಕ್ಕ ಗೇರ್, ಸೂರ್ಯ ಅಂದುಕೊಳ್ಳಿ. ಅದರ ಸುತ್ತ ಗ್ರಹಗಳ ಹಾಗೆ ಪುಟ್ಟ ಗೇರುಗಳು. ಎಲ್ಲವನ್ನೂ ಸುತ್ತುವರಿದು ಒಂದು ಬಳೆ, ಬಳೆಯ ಒಳಮೈಗೆ ಹಲ್ಲು. ಎಂಜಿನ್ ಗ್ರಹಗಳನ್ನು ಹಿಡಿದ ಚೌಕಟ್ಟನ್ನು ತಿರುಗಿಸುತ್ತದೆ. ಸೂರ್ಯನಿಗೆ ಜನರೇಟರ್. ಬಳೆಗೆ ದೊಡ್ಡ ಮೋಟರು ಮತ್ತು ಅಲ್ಲಿಂದ ಚಕ್ರಗಳು. ಮೊದಲ ಪ್ರಿಯಸ್‌ಗಳಲ್ಲಿ ಸೂರ್ಯನಿಗೆ 30 ಹಲ್ಲು, ಬಳೆಗೆ 78. ಅಂದರೆ ಎಂಜಿನ್ನಿನ ತಿರುಗಿಸುವ ಬಲವನ್ನು 108 ಪಾಲು ಮಾಡಿದರೆ 78 ಪಾಲು ಚಕ್ರದ ಕಡೆಗೆ, 30 ಪಾಲು ಜನರೇಟರಿಗೆ. ಈ ಹಂಚಿಕೆ ಬದಲಾಗುವುದೇ ಇಲ್ಲ. ಬದಲಾಗುವುದು ವೇಗ. ಜನರೇಟರನ್ನು ಸ್ವಲ್ಪ ಜೋರಾಗಿ ಅಥವಾ ನಿಧಾನವಾಗಿ ತಿರುಗಲು ಬಿಟ್ಟರೆ ಸಾಕು, ಚಕ್ರದ ವೇಗ ಏನೇ ಇರಲಿ ಎಂಜಿನ್ ತನ್ನ ಹದದಲ್ಲೇ ಇರುತ್ತದೆ. ಕ್ಲಚ್ ಇಲ್ಲ, ಗೇರ್ ಬದಲಿಸುವ ಗೋಜಿಲ್ಲ. ಬಿಡದಿಯಲ್ಲಿ ಈಗ ತಯಾರಾಗುವ ಇನೋವಾ ಹೈಕ್ರಾಸ್ ಹೈಬ್ರಿಡ್ ಒಳಗಿರುವುದೂ ಇದರ ಮೊಮ್ಮಗುವೇ. ಏರ್‌ಪೋರ್ಟ್ ಟ್ಯಾಕ್ಸಿಯಲ್ಲಿ ಕೂತಾಗ ಸಿಗ್ನಲ್ಲಿನಲ್ಲಿ ಸದ್ದೇ ಇಲ್ಲದೆ ಹೊರಟು, ಸ್ವಲ್ಪ ದೂರ ಹೋದ ಮೇಲೆ ಎಂಜಿನ್ ಗುಂಯ್ ಅಂದರೆ ಈ ಬಳೆಯನ್ನು ನೆನಪಿಸಿಕೊಳ್ಳಿ.

ಇಂಥದ್ದನ್ನು ಇಪ್ಪತ್ತೈದು ವರ್ಷ ತಿದ್ದಿ ತೀಡಿದರೆ ಏನಾಗುತ್ತದೆ? 2015ರ ಪ್ರಿಯಸ್‌ನ ಎಂಜಿನ್ ಪೆಟ್ರೋಲಿನ ಶಾಖದಲ್ಲಿ ನೂರಕ್ಕೆ 40 ಪಾಲನ್ನು ಕೆಲಸಕ್ಕೆ ತಿರುಗಿಸುವ ಮಟ್ಟ ಮುಟ್ಟಿತು. 2024ರಲ್ಲಿ ಟೊಯೋಟಾ ಗುಂಪು ಮಾರಿದ ಗಾಡಿಗಳು 1 ಕೋಟಿ 8 ಲಕ್ಷದಷ್ಟು. ಅದೇ ವರ್ಷದ ಮಾರ್ಚಿಗೆ ಮುಗಿದ ಲೆಕ್ಕದಲ್ಲಿ 5 ಲಕ್ಷ ಕೋಟಿ ಯೆನ್‌ಗೂ ಮೀರಿದ ಲಾಭ. ಇದನ್ನು ನೋಡಿದರೆ ಜಪಾನಿನ ಕಾರು ಉದ್ಯಮಕ್ಕೆ ಏನೂ ಆಗಿಲ್ಲ ಅನ್ನಿಸುತ್ತದೆ.

ನಿಸ್ಸಾನ್ ಕಡೆ ತಿರುಗಿದರೆ ಚಿತ್ರ ಬೇರೆ. ‘ಜಪಾನಿನವರು ಎಲೆಕ್ಟ್ರಿಕ್ ಕಾರಿಗೆ ತಡವಾಗಿ ಬಂದರು, ಅದಕ್ಕೇ ಸೋತರು’ ಅನ್ನುವವರು ಜಾಸ್ತಿ. ನಾನು ಒಪ್ಪುವುದಿಲ್ಲ. ನಿಸ್ಸಾನ್ ಲೀಫ್ ಮಾರುಕಟ್ಟೆಗೆ ಬಂದದ್ದು 2010ರ ಡಿಸೆಂಬರಿನಲ್ಲಿ. ಸಾಮಾನ್ಯ ಜನ ಕೊಳ್ಳುವಂಥ ಎಲೆಕ್ಟ್ರಿಕ್ ಕಾರನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಅದಕ್ಕೆ ಮೊದಲು ಯಾರೂ ಮಾಡಿರಲಿಲ್ಲ. ಆದರೆ ಲೀಫ್‌ನ ಬ್ಯಾಟರಿಗೆ ನೀರು ಹರಿಸಿ ತಂಪು ಮಾಡುವ ವ್ಯವಸ್ಥೆ ಇರಲಿಲ್ಲ. ಅಮೆರಿಕದ ಅರಿಜೋನಾದಂಥ ಸುಡುವ ಊರುಗಳಲ್ಲಿ ಬ್ಯಾಟರಿಯ ಶಕ್ತಿ ಬೇಗ ಕುಂದಿತು, ದೂರುಗಳು ಬಂದವು. ಲಿಥಿಯಂ ಬ್ಯಾಟರಿ ಒಂಥರಾ ಹಾಲಿನ ಹಾಗೆ, ಬಿಸಿಲಲ್ಲಿಟ್ಟರೆ ಬೇಗ ಕೆಡುತ್ತದೆ. ಸರಿ, ತಪ್ಪಾಯಿತು, ತಿದ್ದಿಕೊಳ್ಳಬಹುದಿತ್ತು. ಅದರ ಬದಲು ನಿಸ್ಸಾನ್ ತನ್ನ ಬ್ಯಾಟರಿ ತಯಾರಿಕೆಯನ್ನೇ ಚೀನಾದ ಎನ್ವಿಷನ್ ಗುಂಪಿಗೆ ಮಾರಿತು. 2018ರಲ್ಲಿ ಒಪ್ಪಂದ, 2019ರಲ್ಲಿ ಹಸ್ತಾಂತರ. ಆ ನಡುವೆಯೇ ನಿಸ್ಸಾನ್ ಅಧ್ಯಕ್ಷ ಕಾರ್ಲೋಸ್ ಘೋಸ್ನ್ ಬಂಧನದ ರಾದ್ಧಾಂತ. ಎಲೆಕ್ಟ್ರಿಕ್ ಕಾರಿನ ಬೆಲೆಯಲ್ಲಿ ಬ್ಯಾಟರಿಯದೇ ದೊಡ್ಡ ಪಾಲು. ಬೇರೆಯವರು ಬ್ಯಾಟರಿ ಕಾರ್ಖಾನೆಗಳ ಮೇಲೆ ಹಣ ಸುರಿಯುತ್ತಿದ್ದ ಹೊತ್ತಿಗೆ ಇವರು ತಮ್ಮದನ್ನು ಕೈಬಿಟ್ಟರು.

ಅದರ ಫಲ ಈಗ ಕಾಣುತ್ತಿದೆ. 2024ರ ಡಿಸೆಂಬರಿನಲ್ಲಿ ಹೋಂಡಾ ಮತ್ತು ನಿಸ್ಸಾನ್ ಒಂದಾಗುತ್ತೇವೆ ಅಂದವು. ನೀನು ನನ್ನ ಅಂಗಸಂಸ್ಥೆಯಾಗು ಅಂತ ಹೋಂಡಾ ಹೇಳಿದಾಗ ನಿಸ್ಸಾನ್‌ಗೆ ಸಹಿಸಲಾಗಲಿಲ್ಲ, ಎರಡು ತಿಂಗಳಿಗೇ ಮಾತುಕತೆ ಮುರಿಯಿತು. 2025ರ ಮೇನಲ್ಲಿ 20,000 ಕೆಲಸ ಕಡಿತ, 17 ಕಾರ್ಖಾನೆಗಳನ್ನು 10ಕ್ಕೆ ಇಳಿಸುವ ನಿರ್ಧಾರ. ಮುಚ್ಚುವ ಪಟ್ಟಿಯಲ್ಲಿ ಯೊಕೊಸುಕಾದ ಒಪ್ಪಾಮಾ ಕಾರ್ಖಾನೆಯೂ ಇದೆ. 1961ರಿಂದ ನಡೆಯುತ್ತಿರುವ ಕಾರ್ಖಾನೆ ಅದು. ಮೊದಲ ಲೀಫ್ ಹೊರಬಂದದ್ದೂ ಅಲ್ಲಿಂದಲೇ.

ಟೊಯೋಟಾದ ವಾದವೂ ಒಂದಿದೆ. ದೂರ ಓಡುವ ಒಂದು ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗೆ ಬೇಕಾದ ಖನಿಜದಲ್ಲಿ 6 ಪ್ಲಗ್-ಇನ್ ಹೈಬ್ರಿಡ್ (ಹೊರಗಿನಿಂದಲೂ ಚಾರ್ಜ್ ಮಾಡುವಂಥದ್ದು) ಅಥವಾ 90 ಮಾಮೂಲಿ ಹೈಬ್ರಿಡ್ ಮಾಡಬಹುದು, ಖನಿಜ ಕಡಿಮೆ ಇರುವಾಗ ಯಾವುದು ಜಾಣತನ, ನೀವೇ ಹೇಳಿ ಅಂತ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಖನಿಜ ಯಾವಾಗಲೂ ಇಷ್ಟೇ ಸಿಗುತ್ತದೆ ಅಂತ ಇದು ಒಪ್ಪಿಕೊಂಡುಬಿಡುತ್ತದೆ. ಚೀನಾದವರು ನಿಕ್ಕಲ್ಲೂ ಕೋಬಾಲ್ಟೂ ಬೇಡದ, ಕಬ್ಬಿಣ ಮತ್ತು ಫಾಸ್ಫೇಟಿನ ಬ್ಯಾಟರಿಯನ್ನು ಅಗ್ಗ ಮಾಡಿಬಿಟ್ಟರು. ಆಗ 90ರ ಲೆಕ್ಕ ಸಡಿಲವಾಗುತ್ತದೆ. ಹೈಬ್ರಿಡ್ಡಿನಲ್ಲಿ ಜಗತ್ತಿಗೇ ಮೇಲಿರುವ ಕಂಪನಿ ಹೈಬ್ರಿಡ್ಡೇ ಒಳ್ಳೆಯದು ಅಂದರೆ ಸ್ವಲ್ಪ ಅನುಮಾನ ಇಟ್ಟುಕೊಂಡೇ ಕೇಳಬೇಕು.

ನಿಜವಾದ ತೊಡಕು ಇರುವುದು ಇನ್ನೂ ಕೆಳಗೆ, ಆ ಹಾಸುಹೊಕ್ಕಿನಲ್ಲಿ. ಎಲೆಕ್ಟ್ರಿಕ್ ಮೋಟರು ನಿಂತಲ್ಲಿಂದಲೇ ಪೂರ್ತಿ ಬಲ ಕೊಡುತ್ತದೆ. ಹಾಗಾಗಿ ಕ್ಲಚ್ ಬೇಡ, ಐದಾರು ಗೇರು ಬೇಡ, ಪಿಸ್ಟನ್ ಬೇಡ, ವಾಲ್ವ್ ಬೇಡ, ಸೈಲೆನ್ಸರ್ ಬೇಡ. ಇವನ್ನು ಕೂದಲೆಳೆಯ ಅಳತೆಗೆ ಕೊರೆಯುವುದರಲ್ಲೇ ಮೂರು ತಲೆಮಾರು ಕಳೆದ ಸಣ್ಣ ಕಾರ್ಖಾನೆಗಳು ಏನು ಮಾಡಬೇಕು? ಬೈಕ್ ಇಟ್ಟವರಿಗೆ ಎನ್‌ಜಿಕೆ ಸ್ಪಾರ್ಕ್ ಪ್ಲಗ್ ಗೊತ್ತು. ಆ ಕಂಪನಿಯ ಹೆಸರೇ ಎನ್‌ಜಿಕೆ ಸ್ಪಾರ್ಕ್ ಪ್ಲಗ್ ಅಂತ ಇತ್ತು. 2023ರಲ್ಲಿ ನಿಟೆರಾ ಅಂತ ಬದಲಿಸಿಕೊಂಡರು. ಜಪಾನಿನಲ್ಲಿ ಬಿಡಿಭಾಗದಿಂದ ಹಿಡಿದು ಶೋರೂಮು, ಪೆಟ್ರೋಲ್ ಬಂಕ್, ಲಾರಿ ಸಾಗಣೆಯ ತನಕ ಗಾಡಿಗಳನ್ನು ನಂಬಿ ಬದುಕುವವರು ಸುಮಾರು 55 ಲಕ್ಷ ಜನ. ಹೈಬ್ರಿಡ್ಡಿನಲ್ಲಿ ಎಂಜಿನ್ನೂ ಇದೆ, ಮೋಟರೂ ಇದೆ, ಎಲ್ಲರಿಗೂ ಕೆಲಸ ಇದೆ. ಟೊಯೋಟಾ ಅದನ್ನು ಬಿಡಲು ಯಾಕೆ ಹಿಂಜರಿಯುತ್ತದೆ ಅನ್ನುವುದಕ್ಕೆ ಖನಿಜದ ಲೆಕ್ಕಕ್ಕಿಂತ ಇದು ದೊಡ್ಡ ಕಾರಣ ಅಂತ ನನ್ನ ಅನಿಸಿಕೆ.

ಇನ್ನೊಂದು ವಿಷಯ ನನ್ನನ್ನು ಕಾಡುತ್ತದೆ. ಟೊಯೋಟಾದ ಪೂರ್ತಿ ಒಡೆತನದ ದೈಹಾತ್ಸು ಗೊತ್ತಲ್ಲ, ಚಿಕ್ಕ ಕಾರುಗಳವರು. 2023ರ ಡಿಸೆಂಬರಿನಲ್ಲಿ ಹೊರಬಂದ ತನಿಖಾ ವರದಿಯಲ್ಲಿ 64 ಮಾಡೆಲ್‌ಗಳ ಪರೀಕ್ಷೆಯಲ್ಲಿ ಅಕ್ರಮ ಕಂಡಿತ್ತು, ಅತಿ ಹಳೆಯದು 1989ರದು. ಒಂದನ್ನು ಹತ್ತಿರದಿಂದ ನೋಡಿ. ಡಿಕ್ಕಿ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ತೆರೆದುಕೊಳ್ಳಬೇಕಾದದ್ದು ಸೆನ್ಸರು ಡಿಕ್ಕಿಯನ್ನು ಗುರುತಿಸಿದಾಗ. ಇಲ್ಲಿ ಅದನ್ನು ನಿಯಂತ್ರಿಸುವ ಭಾಗ ಇನ್ನೂ ತಯಾರಾಗಿರಲಿಲ್ಲ, ಪರೀಕ್ಷೆಯ ದಿನ ಬಂದುಬಿಟ್ಟಿತ್ತು. ಹಾಗಾಗಿ ಟೈಮರ್ ಇಟ್ಟು ತೆರೆಸಿದರು. ವರದಿ ಹೇಳಿದ ಮುಖ್ಯ ಕಾರಣ ವಿಪರೀತ ಬಿಗಿಯಾದ ವೇಳಾಪಟ್ಟಿ. ಕಾರ್ಖಾನೆಯ ಸಾಲಿನ ಮೇಲೆ ಹಗ್ಗ ಇತ್ತು. ಕಾರು ರೂಪಿಸುವ ಕೋಣೆಯಲ್ಲಿ ಇರಲಿಲ್ಲ, ಇದ್ದಿದ್ದರೂ ಎಳೆಯುವ ಧೈರ್ಯ ಯಾರಿಗೂ ಇರಲಿಲ್ಲ.

ಹೊರಗಿನ ಒತ್ತಡವೂ ಕಡಿಮೆಯಲ್ಲ. 2023ರಲ್ಲಿ ಗಾಡಿ ರಫ್ತಿನಲ್ಲಿ ಚೀನಾ ಜಪಾನನ್ನು ಹಿಂದೆ ಹಾಕಿತು. ಅಮೆರಿಕ 2025ರಲ್ಲಿ ಜಪಾನಿನ ಕಾರುಗಳ ಮೇಲಿನ ಸುಂಕವನ್ನು ಶೇ. 27.5ಕ್ಕೆ ಏರಿಸಿ, ಚೌಕಾಶಿಯ ನಂತರ ಶೇ. 15ಕ್ಕೆ ಇಳಿಸಿತು. ಮೊದಲಿದ್ದದ್ದು ಶೇ. 2.5.

ಮುಂದೇನು ಅಂದರೆ ಎಲ್ಲರೂ ಘನ ಬ್ಯಾಟರಿಯ ಕಡೆ ಕೈ ತೋರಿಸುತ್ತಾರೆ. ಈಗಿನ ಬ್ಯಾಟರಿಯಲ್ಲಿ ಲಿಥಿಯಂ ಅಯಾನುಗಳು ಒಂದು ಬದಿಯಿಂದ ಇನ್ನೊಂದಕ್ಕೆ ದ್ರವದೊಳಗೆ ಈಜುತ್ತವೆ, ಆ ದ್ರವಕ್ಕೆ ಬೆಂಕಿ ಹತ್ತಬಹುದು. ದ್ರವದ ಜಾಗದಲ್ಲಿ ಗಟ್ಟಿ ಸಲ್ಫೈಡ್ ಇಟ್ಟರೆ ಚಾರ್ಜು ಬೇಗ, ಜಾಗ ಕಡಿಮೆ. ಟೊಯೋಟಾ ಇದೆಮಿತ್ಸು ಕಂಪನಿಯ ಜೊತೆ ಸೇರಿ 2027-28ಕ್ಕೆ ಇದನ್ನು ಕಾರಿಗೆ ಹಾಕುವ ಗುರಿ ಇಟ್ಟಿದೆ. ಆದರೆ ಚಾರ್ಜ್ ಆಗುವಾಗ ವಿದ್ಯುದ್ವಾರ ಉಬ್ಬುತ್ತದೆ, ಖಾಲಿಯಾಗುವಾಗ ಕುಗ್ಗುತ್ತದೆ. ದ್ರವವಾದರೆ ಹೊಂದಿಕೊಳ್ಳುತ್ತದೆ, ಗಟ್ಟಿ ವಸ್ತು ಬಿರುಕು ಬಿಡುತ್ತದೆ. ಸಲ್ಫೈಡಿಗೆ ತೇವ ತಾಗಿದರೆ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಬರುತ್ತದೆ, ಹಾಗಾಗಿ ಒಣ ಕೋಣೆಯಲ್ಲೇ ಕೆಲಸ. ಜಪಾನಿನ ಕೈಗೆ ಒಗ್ಗುವಂಥ ಸಮಸ್ಯೆ ಇದು, ತಾಳ್ಮೆಯಿಂದ ಸಾವಿರ ಸಲ ತಿದ್ದುವಂಥದ್ದು. ಅಷ್ಟು ಹೊತ್ತು ಮಾರುಕಟ್ಟೆ ಕಾಯುತ್ತದೆಯೇ ಅನ್ನುವುದು ಬೇರೆ ಮಾತು.

ಕಾಯುತ್ತಿಲ್ಲ ಅನ್ನುವುದಕ್ಕೆ ಜಪಾನಿನ ಗಲ್ಲಿಗಳಲ್ಲೇ ಸುಳಿವಿದೆ. ಅಲ್ಲಿ ‘ಕೇ’ ಅಂತ ಒಂದು ವರ್ಗದ ಕಾರುಗಳಿವೆ. ಉದ್ದ 3.4 ಮೀಟರ್, ಅಗಲ 1.48 ಮೀಟರ್, ಎಂಜಿನ್ 660 ಸಿಸಿ, ಇದಕ್ಕಿಂತ ಮೀರುವಂತಿಲ್ಲ. ಹಳದಿ ನಂಬರ್ ಪ್ಲೇಟು, ತೆರಿಗೆ ಕಡಿಮೆ. ನಮ್ಮ ಮಾರುತಿ 800 ಇದೇ ಬಳಗದ ಕೂಸು. ಬೇರೆ ದೇಶದವರು ಈ ಅಳತೆಗೆ ಕಾರು ಮಾಡಲು ಅಷ್ಟಾಗಿ ತಲೆ ಕೆಡಿಸಿಕೊಂಡಿರಲಿಲ್ಲ, ಹಾಗಾಗಿ ಇದು ಜಪಾನಿನವರ ಬೇಲಿ ಹಾಕಿದ ಹಿತ್ತಲಾಗಿತ್ತು. 2024ರಲ್ಲಿ ದೇಶದಲ್ಲಿ ಮಾರಿದ ಹೊಸ ಕಾರುಗಳಲ್ಲಿ ನೂರಕ್ಕೆ ಮೂರು ಕೂಡ ಪೂರ್ತಿ ಎಲೆಕ್ಟ್ರಿಕ್ ಆಗಿರಲಿಲ್ಲ. ಆ ಎಲೆಕ್ಟ್ರಿಕ್ ಕಾರುಗಳಲ್ಲಿ ಜಾಸ್ತಿ ಮಾರಾಟವಾದದ್ದು ನಿಸ್ಸಾನ್‌ನ ಸಕುರಾ ಅನ್ನುವ ಪುಟ್ಟ ಕೇ ಕಾರು. 2025ರ ಅಕ್ಟೋಬರಿನಲ್ಲಿ ಟೋಕಿಯೋದ ಪ್ರದರ್ಶನದಲ್ಲಿ ಚೀನಾದ ಬಿವೈಡಿ ಒಂದು ಕಾರು ತಂದು ನಿಲ್ಲಿಸಿತು. ಹೆಸರು ರಾಕ್ಕೋ. ಜಪಾನಿಗೆಂದೇ ಹೊಸದಾಗಿ ರೂಪಿಸಿದ್ದು, ಪೂರ್ತಿ ಎಲೆಕ್ಟ್ರಿಕ್. ಎತ್ತರದ ಡಬ್ಬಿಯಂಥ ಆಕಾರ, ಹಿಂದೆ ಜಾರುವ ಬಾಗಿಲು, ಅಳತೆ ಮಿಲಿಮೀಟರು ಹೆಚ್ಚುಕಮ್ಮಿಯಿಲ್ಲದೆ ಕೇ.