ಗಾಡಿಗೆ ಪಿಕಪ್ ಇಲ್ಲ ಅಂದ್ರೆ ಮೊದಲು ಗಾಳಿ ನೋಡಿ

ಕಲಬುರಗಿಯಿಂದ ಸೇಡಂ, ಚಿತ್ತಾಪುರದ ಕಡೆ ಓಡುವ ವ್ಯಾನ್‌ಗಳ ಪಾಡು ನಮಗೆಲ್ಲ ಗೊತ್ತಿರುವುದೇ. ಸುಣ್ಣದಕಲ್ಲಿನ ಧೂಳು, ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಬಿಸಿಲು. ಪಿಕಪ್ ಬಿತ್ತು ಅಂದ ಕೂಡಲೇ ಎಲ್ಲರ ಅನುಮಾನ ಡೀಸೆಲ್ ಮೇಲೆ. ನಮ್ಮ ಭಾಗದಲ್ಲಿ ಮೊದಲು ನೋಡಬೇಕಾದ್ದು ಗಾಳಿಯ ದಾರಿಯನ್ನು.

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಹದಿನಾರು, ಹದಿನೆಂಟು ಪಟ್ಟು ಚಿಕ್ಕದಾಗುವಂತೆ ಒತ್ತುತ್ತದೆ. ಒತ್ತಡಕ್ಕೆ ಗಾಳಿ 500 ಡಿಗ್ರಿಗೂ ಜಾಸ್ತಿ ಕಾಯುತ್ತದೆ. ಅದರೊಳಗೆ ಇಂಜೆಕ್ಟರ್ ಡೀಸೆಲ್ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಅಂದ ಮೇಲೆ ಗಾಳಿ ಕಡಿಮೆಯಾದರೆ ಡೀಸೆಲ್ ಪೂರ್ತಿ ಉರಿಯುವುದಾದರೂ ಹೇಗೆ? ಹಳೆ ಗಾಡಿ ಕಪ್ಪು ಹೊಗೆ ಬಿಡುತ್ತದೆ. ಹೊಸ ಗಾಡಿಯಲ್ಲಿ ಕಂಪ್ಯೂಟರ್ ಡೀಸೆಲ್ಲನ್ನೇ ಕಡಿಮೆ ಮಾಡುತ್ತದೆ, ಪಿಕಪ್ ಬೀಳುತ್ತದೆ.

ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ ಬಿಚ್ಚಿ ನೋಡಿ. ಕಾಗದದ ಮಡಿಕೆಗಳ ನಡುವೆ ಬೂದು ಧೂಳು ಗಟ್ಟಿಯಾಗಿ ಕೂತಿರುತ್ತದೆ. ಕಂಪ್ರೆಸರ್ ಗಾಳಿಯನ್ನು ಜೋರಾಗಿ ಹೊಡೆದು ಅದೇ ಫಿಲ್ಟರ್ ಮತ್ತೆ ಹಾಕುವ ರೂಢಿ ಇದೆ. ಕಾಗದ ಹರಿದರೆ ಧೂಳು ನೇರ ಒಳಗೆ ಹೋಗುತ್ತದೆ. ಫಿಲ್ಟರ್‌ನಿಂದ ಟರ್ಬೊಗೆ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಭಾಗ) ಹೋಗುವ ಪೈಪಿನೊಳಗೆ ಬೆರಳಾಡಿಸಿ. ಅಲ್ಲಿ ಧೂಳು ತಗುಲಿದರೆ ಫಿಲ್ಟರ್ ಹರಿದಿದೆ, ಇಲ್ಲವೇ ಕ್ಲ್ಯಾಂಪ್ ಸಡಿಲಾಗಿದೆ. ಆ ಧೂಳು ಟರ್ಬೊ ರೆಕ್ಕೆಗಳನ್ನೂ ಪಿಸ್ಟನ್ ರಿಂಗ್‌ಗಳನ್ನೂ ಸವೆಸುತ್ತದೆ. ರಿಂಗ್ ಸವೆದರೆ ಆಯಿಲ್ ಉರಿದು ನೀಲಿ ಹೊಗೆ. ಆಮೇಲೆ ಖರ್ಚು ಫಿಲ್ಟರ್‌ನದಲ್ಲ, ಎಂಜಿನ್ನಿನದು!

ಎಂಜಿನ್ ಹೀಟ್ ಆಗುವುದಕ್ಕೆ ಬಿಸಿಲೊಂದೇ ಕಾರಣವಲ್ಲ. ಹೊರಗಿನಿಂದ ರೇಡಿಯೇಟರ್ ಸಂದುಗಳಲ್ಲಿ ಧೂಳು, ತೊಗರಿ ಹೊಟ್ಟು ತುಂಬುತ್ತದೆ. ಒಳಗೆ ನಾವೇ ಬೋರ್‌ವೆಲ್ ನೀರು ಸುರಿಯುತ್ತೇವೆ. ಸುಣ್ಣದಕಲ್ಲಿನ ನೆಲದ ಗಡಸು ನೀರು ಕಾದಾಗ ಕೊಳವೆಯೊಳಗೆ ಸುಣ್ಣದ ಪದರ ಕಟ್ಟುತ್ತದೆ. ದಯವಿಟ್ಟು ಎಂಜಿನ್ ತಂಪಾಗಿಡುವ ದ್ರವವಾದ ಕೂಲಂಟನ್ನೇ ಹಾಕಿಸಿ. ಕಾದ ಎಂಜಿನ್‌ನ ರೇಡಿಯೇಟರ್ ಮುಚ್ಚಳವನ್ನಂತೂ ಬಿಚ್ಚಲೇಬೇಡಿ.

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 (ಹೊಗೆಗೆ ಮಿತಿ ಹಾಕುವ ಸರ್ಕಾರಿ ನಿಯಮ) ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಸಾಮಾನ್ಯವಾಗಿ ಮಸಿ ಹಿಡಿಯುವ ಫಿಲ್ಟರ್ ಒಂದಿರುತ್ತದೆ. ಡಿಪಿಎಫ್ ಅನ್ನುವುದು ಇದನ್ನೇ. ಕೂತ ಮಸಿಯನ್ನು ಸುಡಲು ಅದಕ್ಕೆ ಸುಮಾರು 600 ಡಿಗ್ರಿ ಕಾವು ಬೇಕು. ಊರೊಳಗೇ ನಿಂತು ನಿಂತು ಓಡುವ ಶಾಲಾ ವ್ಯಾನ್‌ಗೆ ಆ ಕಾವು ಸಿಗುವುದು ಕಷ್ಟ. ಎಚ್ಚರಿಕೆ ದೀಪ ಹತ್ತಿದರೆ ಕಡೆಗಣಿಸಬೇಡಿ. ಕಂಪನಿ ಪುಸ್ತಕ ಓದಿಕೊಂಡು, ಜೇವರ್ಗಿ ರಸ್ತೆಯಂಥ ಕಡೆ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿಸಿ. ಪದೇ ಪದೇ ಹತ್ತುತ್ತಿದ್ದರೆ ಟರ್ಬೊ ಪೈಪುಗಳನ್ನೂ ತೋರಿಸಿ. ಅಲ್ಲಿ ಗಾಳಿ ಸೋರಿದರೆ ಮಸಿ ಜಾಸ್ತಿಯಾಗಿ ಡಿಪಿಎಫ್ ಬೇಗ ಕಟ್ಟಿಕೊಳ್ಳುತ್ತದೆ.